ಹೆಸರು ಹೇಳದ ಹುಡುಗಿಗೆ ಮುಲ್ಕಿ ಇಲ್ಲವೇ?

ಮಾನ್ಯ ಶಾಲಾ ತಪಾಸಣಾಧಿಕಾರಿಗಳೇ,

ನಮ್ಮ ಏಳನೆಯ ಇಯತ್ತೆಯ ಗುರುಸಿದ್ದವ್ವನಿಗೆ ಇಂಗ್ಲಿಷ್ ಬರುವುದಿಲ್ಲ, ಆಕೆಯನ್ನು ಈ ಸಲ ಮುಲ್ಕಿ ಪರೀಕ್ಷೆಗೆ ಕೂಡಿಸತಕ್ಕದ್ದಲ್ಲ ಎಂದು ತಾವು ಷರಾ ಬರೆದು ಹೋಗಿದ್ದೀರಿ. ಆ ಷರಾ ತಪ್ಪು. ಇಷ್ಟನ್ನು ಹೇಳಲು ಅರ್ಜಿಯ ಮೇಲೆ ಅರ್ಜಿ ಬರೆದೆ, ಉತ್ತರವಿಲ್ಲ. ವಿಜಾಪುರಕ್ಕೆ ಬಂದು ಕಚೇರಿಯ ಬಾಕಿನ ಮೇಲೆ ಕೂತೆ. ತಾವು ಪ್ರವಾಸದ ಮೇಲಿದ್ದಿರಿ. ಪ್ರವಾಸ ಮುಗಿದ ದಿನ ಮೀಟಿಂಗಿನಲ್ಲಿದ್ದಿರಿ. ಆದ್ದರಿಂದ ಪತ್ರಿಕೆಗೆ ಬರೆಯುತ್ತಿದ್ದೇನೆ. ಚಹಾದ ಜೊತೆಗಾದರೂ ಓದುತ್ತೀರೆಂಬ ಆಸೆ.

ನಡೆದದ್ದು ತಮಗೆ ನೆನಪಿರಲಿಕ್ಕಿಲ್ಲ. ಬಬಲೇಶ್ವರದಿಂದಾಚೆ ತಮಗೆ ಎಲ್ಲ ಊರೂ ಒಂದೇ, ಎಲ್ಲ ಶಾಲೆಯೂ ಒಂದೇ. ಅವತ್ತು ನಾನು ಮಿ, ಹಿಮ್, ಹರ್, ಅಸ್, ದೆಮ್ ಕಲಿಸುತ್ತಿದ್ದೆ. ಹಿ ಎಂದರೆ ಅವನು, ಹಿಮ್ ಎಂದರೆ ಅವನನ್ನು ಎಂದು ಬಾಯಿಪಾಠ ಮಾಡಿಸಿದರೆ ಪರೀಕ್ಷೆಯ ತನಕ ಉಳಿಯುತ್ತದೆ, ಆಮೇಲೆ ಹಾರಿಹೋಗುತ್ತದೆ. ಹಾಗಾಗಿ ನಾನು ಮಕ್ಕಳ ಕೈಗೆ ಶೇಂಗಾ ಕೊಡುತ್ತೇನೆ. 'ಗಿವ್ ಹಿಮ್' ಎಂದರೆ ಹುಡುಗನ ಕೈಗೆ, 'ಗಿವ್ ಹರ್' ಎಂದರೆ ಹುಡುಗಿಯ ಕೈಗೆ ಹೋಗಬೇಕು. 'ಗಿವ್ ಐ' ಎಂದವನಿಗೆ ಶೇಂಗಾ ಇಲ್ಲ, 'ಗಿವ್ ಮಿ' ಎಂದವನಿಗೆ ಇದೆ. ಹಸಿದ ಮಕ್ಕಳು ಬೇಗ ಕಲಿಯುತ್ತಾರೆ, ಸ್ವಾಮಿ. ತಾವು ಒಳಗೆ ಬಂದವರು ಮೊದಲು ನೋಡಿದ್ದು ನೆಲದ ಮೇಲಿನ ಸಿಪ್ಪೆಯನ್ನು.

ಆ ಸಿಪ್ಪೆಯ ಸಿಟ್ಟಿನಲ್ಲಿಯೇ ಗುರುಸಿದ್ದವ್ವನನ್ನು ಎಬ್ಬಿಸಿದಿರಿ. ಎದುರು ಸಾಲಿನ ಶಾಂತಪ್ಪನತ್ತ ಬೆರಳು ಮಾಡಿ, ಮೊದಲು ಅವನ ಹೆಸರು ಹೇಳು, ಆಮೇಲೆ 'ಐ ನೋ ಹಿಮ್' ಎನ್ನು ಎಂದಿರಿ. ಹುಡುಗಿ ತಲೆ ತಗ್ಗಿಸಿದಳು. ವರ್ಗವೆಲ್ಲ ಕಿಸಕ್ಕೆಂದಿತು. ಶಾಂತಪ್ಪ ಕಿಟಕಿಯ ಹೊರಗೆ ನೋಡತೊಡಗಿದ. ಅವನು ಆಕೆಯ ಸೋದರತ್ತೆ ಬೋರವ್ವನ ಮಗ. ಹೋದ ವರ್ಷವೇ ಇಬ್ಬರಿಗೂ ನಿಶ್ಚಯವಾಗಿದೆ. ನಮ್ಮ ಕಡೆಯ ಹೆಣ್ಣುಮಗಳು ಗಂಡನಾಗುವವನ ಹೆಸರನ್ನು ಹತ್ತು ಜನರೆದುರು ಹೇಳುವುದಿಲ್ಲ. "ಸಾಹೇಬ್ರ, ಬ್ಯಾರೆ ಹುಡುಗನ್ನ ತೋರ್ಸಿ ಕೇಳ್ರಿ, ಹೇಳ್ತಾಳ್ರಿ" ಎಂದೆ. "ನೀವು ಉತ್ತರ ಹೇಳಿಕೊಡಬೇಡಿ" ಎಂದಿರಿ. ಜೀಪಿನ ತನಕ ಓಡಿ ಬಂದು ಕಾರಣ ತಿಳಿಸಿದೆ. "ಅದು ಇಲಾಖೆಗೆ ಸಂಬಂಧಪಡದ ವಿಷಯ" ಎಂದು ಜೀಪು ಹತ್ತಿದಿರಿ.

ಸಂಬಂಧಪಡದೇ ಇರುವುದು ಹೇಗೆ? ತಮ್ಮ ಮನೆಯವರು ತಮ್ಮನ್ನು ಹೆಸರು ಹಿಡಿದು ಕೂಗುತ್ತಾರೆಯೇ? ನನ್ನ ಹೆಂಡತಿ ಹಾಜಿರಾಬಿ ಟಿಕೋಟಾದಲ್ಲಿ ರೇಷನ್ ಕಾರ್ಡು ಮಾಡಿಸಲು ಹೋದಾಗ ಗಂಡನ ಹೆಸರು ಕೇಳಿದರಂತೆ. ಆಕೆ ಪಕ್ಕದವಳ ಮುಖ ನೋಡಿ, "ನೀನ ಹೇಳ ಬೇ" ಎಂದಳಂತೆ. ಪಕ್ಕದವಳು ಹೇಳಿದ ಮೇಲೆ ನಮ್ಮ ಮನೆಗೆ ಸಕ್ಕರೆ ಬಂತು. ಈಕೆಗೆ ಗಂಡನೇ ಗೊತ್ತಿಲ್ಲ ಎಂದು ಅಲ್ಲಿನ ಗುಮಾಸ್ತ ಷರಾ ಬರೆಯಲಿಲ್ಲ. ಅವನಿಗಿದ್ದಷ್ಟು ತಿಳಿವಳಿಕೆ ತಮ್ಮಿಂದ ನಿರೀಕ್ಷಿಸಿದ್ದು ನನ್ನ ಅತಿಯಾಸೆಯೇ? ಹಿಂದೂ ಮನೆಯಿರಲಿ, ಮುಸಲ್ಮಾನರ ಮನೆಯಿರಲಿ, ನಮ್ಮ ಹೆಣ್ಣುಮಕ್ಕಳು ಮದುವೆಯಾದ ದಿನದಿಂದ ಸಾಯುವ ತನಕ 'ಅವರು', 'ಇವರು' ಎಂದುಕೊಂಡೇ ಸಂಸಾರ ಮಾಡುತ್ತಾರೆ. ಸರ್ವನಾಮದಲ್ಲಿ ಇವರಿಗಿಂತ ಪಳಗಿದವರನ್ನು ತಮ್ಮ ಇಲಾಖೆ ಎಲ್ಲಿಂದ ತರುತ್ತದೆ? ರಾಜ್ಯಕ್ಕೆ ಕರ್ನಾಟಕವೆಂದು ಹೊಸ ಹೆಸರು ಬಂತು, ಸಂತೋಷ. ಜೀಪಿನೊಳಗೆ ಕೂತವರ ರೀತಿ ಮಾತ್ರ ಹಳೆಯದೇ.

ಬರೀ ನಗುವ ಸಂಗತಿಯಾಗಿದ್ದರೆ ನಕ್ಕು ಬಿಡುತ್ತಿದ್ದೆ. ಮುಲ್ಕಿ ಮುಗಿಯುವ ತನಕ ಮದುವೆ ಬೇಡವೆಂದು ಬೋರವ್ವನ ಮನೆಯ ಕಟ್ಟೆಯ ಮೇಲೆ ಕೂತು, ಕಾಡಿ ಬೇಡಿ ಒಪ್ಪಿಸಿದವನು ನಾನು. ಪಾಸಾದರೆ ಬಬಲೇಶ್ವರದ ಹೈಸ್ಕೂಲಿಗೆ ಕಳಿಸುವುದಕ್ಕೂ ಆ ತಾಯಿ ಹೂಂ ಎಂದಿದ್ದಳು. ಮೊನ್ನೆ ಹೋದರೆ ಅವಳ ಮಾತೇ ಬೇರೆ. "ಮಾಸ್ತರ, ಹುಡುಗಿಗಿ ಬರಂಗಿಲ್ಲಂತ ಸಾಹೇಬ್ರ ಬರದ ಹೋಗ್ಯಾರಲ್ರಿ. ಇನ್ಯಾಕ್ರಿ ಸಾಲಿ? ಬ್ಯಾಸಗ್ಯಾಗ ಅಕ್ಕಿಕಾಳ ಹಾಕಿ ಮನಿ ತುಂಬಿಸ್ಕೋತೇವಿ." ಸರಕಾರದ ಶಾಯಿಯ ಮುಂದೆ ಹಳ್ಳಿ ಮಾಸ್ತರನ ಮಾತು ಎಷ್ಟರದ್ದು? ಬೋರವ್ವನ ಮೇಲೆ ನನಗೆ ಸಿಟ್ಟಿಲ್ಲ. ಓದಿದವರು ಬರೆದದ್ದನ್ನು ಅವಳು ನಂಬಿದಳು, ಅಷ್ಟೇ. ಈ ಬೇಸಿಗೆಯಲ್ಲಿ ಆ ಹುಡುಗಿಯನ್ನು ಒಲೆಯ ಮುಂದೆ ಕೂಡಿಸುತ್ತಿರುವವರು ತಾವು. ಬರೆದು ಬರೆದು ದಣಿದಿದ್ದೇನೆ.

ನಾನು ಕೇಳುವುದು ದೊಡ್ಡದೇನಲ್ಲ. ಆ ಷರಾ ಹೊಡೆದು ಹಾಕಿ. ಆಗದಿದ್ದರೆ, ಮುಲ್ಕಿಗೆ ಹೆಸರು ಕಳಿಸುವ ಗಡುವು ಮುಗಿಯುವುದರೊಳಗೆ ಇನ್ನೊಮ್ಮೆ ಬಂದು, ಶಾಂತಪ್ಪನನ್ನು ಬಿಟ್ಟು ಯಾರನ್ನು ಬೇಕಾದರೂ ತೋರಿಸಿ ಆಕೆಯನ್ನು ಪರೀಕ್ಷಿಸಿ. ನೆಲ ಗುಡಿಸಿಟ್ಟಿರುತ್ತೇನೆ. ಇದು ನನ್ನೊಬ್ಬನ ಬೇಡಿಕೆಯೂ ಅಲ್ಲ. ಅವತ್ತು ತಮ್ಮ ಜೀಪಿನ ಧೂಳು ಇನ್ನೂ ಅಡಗಿರಲಿಲ್ಲ, ಗುರುಸಿದ್ದವ್ವ ಹೊರಗೆ ಬಂದು ನನ್ನ ಪಕ್ಕ ನಿಂತಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಯಾರೂ ಹೇಳಿಕೊಡದೆ, ಇಂಗ್ಲಿಷಿನಲ್ಲಿಯೇ ಹೇಳಿದಳು: "ಟೆಲ್ ಹಿಮ್, ಸರ್. ಆಸ್ಕ್ ಮಿ ಅಗೇನ್."

ಹೇಳಿದ್ದೇನೆ. ಇನ್ನು ಕೇಳುವುದು ತಮ್ಮ ಕೆಲಸ.

ಇಂತಿ,
ತಮ್ಮ ಷರಾದ ಕೊನೆಯ ಸಾಲಿನಲ್ಲಿ 'ವರ್ಗದಲ್ಲಿ ತಿನಿಸು ಹಂಚುವ ಶಿಕ್ಷಕ' ಎನಿಸಿಕೊಂಡ
ಯಾಕೂಬ ಮಾಸ್ತರ
ಫೆಬ್ರವರಿ ೧೯೭೫