ಹದಿನಾಲ್ಕನೆಯ ಪ್ರಶ್ನೆ

ಮಾರ್ಚ್ 3, ಸೋಮವಾರ

ಮದುವೆಯಾಗಿ ಇವತ್ತಿಗೆ ಎಪ್ಪತ್ತೊಂದು ದಿನ!! ನಮ್ಮ ಜಿರಾಫೆ — ‘ಗಂಡ’ ಎಂದು ಬರೆಯಲು ಇನ್ನೂ ನಾಚಿಕೆ — ಇವತ್ತೂ ಬಾತ್‌ರೂಮಿನ ಬಾಗಿಲಿಗೆ ಹಣೆ ಬಡಿದುಕೊಂಡ. ಉಜ್ಜಿದೆ. ಉಜ್ಜುತ್ತ ಉಜ್ಜುತ್ತ ಇಬ್ಬರೂ ಆಫೀಸಿಗೆ ಲೇಟ್. ಇಷ್ಟೊಂದು ಖುಷಿಯಾಗಿರಲು ಪರ್ಮಿಷನ್ ಇದೆಯಾ ಅನ್ನಿಸುತ್ತದೆ...

ಸಂಜೆ ಅಮ್ಮನ ಫೋನ್. “ಇಂಗ್ಲಿಷಿನಲ್ಲಿ ಒಂದು ಫಾರ್ಮ್ ತುಂಬಬೇಕು, ಬಾರೇ. ಅವನನ್ನ ಕರ್ಕೊಂಡು ಬರಬೇಡ.”

ಬ್ಯಾಂಕಿನದಾ ಎಂದು ಕೇಳಿದೆ. “ಬಾ, ಹೇಳ್ತೀನಿ.”

ಮಾರ್ಚ್ 4, ಮಂಗಳವಾರ

ಲಾಯರ್ ಆಫೀಸಿನ ಫಾರ್ಮ್. ಅಮ್ಮನಿಗೆ ಡಿವೋರ್ಸ್ ಬೇಕು. ಅಪ್ಪನಿಂದ. ನನ್ನ ಅಪ್ಪನಿಂದ!

ಮುಂದಿನ ಗುರುವಾರ ಹತ್ತೂವರೆಗೆ ಲಾಯರ್ ಜೊತೆ ಮೊದಲ ಭೇಟಿ. ಬರುವಾಗ ಇಪ್ಪತ್ತೆರಡು ಪ್ರಶ್ನೆಗಳಿಗೆ ಉತ್ತರ ಬರೆದು ತರಬೇಕಂತೆ.

“ನಿನ್ನ ಮದುವೆ ಒಂದು ಆಗ್ಲಿ ಅಂತ ಕಾಯ್ತಿದ್ದೆ,” ಎಂದಳು. ಅಂಗಡಿಯಿಂದ ತಂದ ಪರದೆಗಳಿಗೆ ಅಂಚು ಹೊಲಿಯುತ್ತಿದ್ದಳು. ಮಿಷನ್ ನಿಲ್ಲಿಸಲೂ ಇಲ್ಲ. ನಾನು ಗೊಳೋ ಎಂದು ಅತ್ತೆ. “ಬಟ್ಟೆ ಮೇಲೆ ಅಲ್ಲ, ಆ ಕಡೆ ಕೂತು ಅಳು,” ಎಂದಳು. ಮೂರು ಪ್ರಶ್ನೆಗೆ ಸಾಕಾಯಿತು. ಹೆಸರು, ವಿಳಾಸ, ಮದುವೆಯಾದ ದಿನ.

ಮಾರ್ಚ್ 6, ಗುರುವಾರ

ಒಂಬತ್ತನೆಯ ಪ್ರಶ್ನೆ: ಯಾವಾಗಿನಿಂದ ದಂಪತಿಯಂತೆ ಬಾಳುತ್ತಿಲ್ಲ?

“ನಿನಗೆ ಆರು ವರ್ಷ ಆಗ.”

ಆರು ವರ್ಷ. ‘ಪೋಸ್ಟ್’ ಆಟ ಶುರುವಾದದ್ದು ಆಗಲೇ. ಅಪ್ಪ ಹಾಲ್‌ನಿಂದ, “ಪೋಸ್ಟ್, ಅಮ್ಮನಿಗೆ ಹೇಳು, ಬೀಗದ ಕೈ ಎಲ್ಲಿ?” ಅಮ್ಮ ಅಡುಗೆಮನೆಯಿಂದ, “ಅಪ್ಪನಿಗೆ ಹೇಳು, ಮೊಳೆ ಮೇಲೇ ಇದೆ.” ನಡುವೆ ನಾನು, ಒಂದೇ ಓಟ. ಎಲ್ಲರ ಮನೆಯಲ್ಲೂ ಹೀಗೇ ಎಂದುಕೊಂಡಿದ್ದೆ. ಸ್ಕೂಲಿನಲ್ಲಿ ‘ಮೈ ಫ್ಯಾಮಿಲಿ’ ಎಂಬ ಪ್ರಬಂಧದಲ್ಲಿ ಅದನ್ನೇ ಬರೆದೆ. ಮಿಸ್ ಅದಕ್ಕೆ ಸ್ಟಾರ್ ಬೇರೆ ಕೊಟ್ಟಿದ್ದರು.

ಆಟ ಎಂದುಕೊಂಡಿದ್ದು ನಾನೊಬ್ಬಳೇ.

“ನೀನು ಹೋದ ಮೇಲೆ ಈ ಮನೇಲಿ ಒಂದು ಮಾತು ಆಡಿಲ್ಲ ಕಣೇ, ನಾವಿಬ್ರೂ. ಎಪ್ಪತ್ನಾಲ್ಕು ದಿನ.”

ನಾನು ಕುಣಿಯುತ್ತ ಎಣಿಸಿದ ದಿನಗಳು. ಅವಳೂ ಎಣಿಸುತ್ತಿದ್ದಳು.

ಹದಿನಾಲ್ಕನೆಯದು: ಮತ್ತೆ ಒಂದಾಗುವ ಸಾಧ್ಯತೆ ಇದೆಯೇ?

“ಇಲ್ಲ.”

ನಾನು ಬರೆದದ್ದು ಬೇರೆ: ಹೌದು, ಇದೆ. ಇಬ್ಬರೂ ತುಂಬ ಒಳ್ಳೆಯವರು. ಸ್ವಲ್ಪ ಸಮಯ ಸಿಕ್ಕರೆ ಎಲ್ಲ ಸರಿಹೋಗುತ್ತದೆ. ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ.

ಮಾರ್ಚ್ 9, ಭಾನುವಾರ

ಅಪ್ಪನಿಗೆ ರಜೆ. ವಾರವೆಲ್ಲ ಲಿಫ್ಟ್ ರಿಪೇರಿ ಮಾಡಿದ ಕೈ, ಉಗುರಿನಲ್ಲಿ ಗ್ರೀಸ್. ಪಕ್ಕದಲ್ಲಿ ಕೂತೆ.

“ಅಮ್ಮ ಲಾಯರ್ ಹತ್ರ ಹೋಗ್ತಿರೋದು ಗೊತ್ತಾ?”

“ಗೊತ್ತು. ಟಿಫಿನ್ ಡಬ್ಬಿ ಮೇಲೆ ಚೀಟಿ ಇಟ್ಟಿದ್ಲು.”

“ಏನಾದ್ರೂ ಹೇಳಪ್ಪಾ... ನಾನು ಹೋಗಿ ಹೇಳ್ತೀನಿ. ಅಡುಗೆಮನೇಲೇ ಇದಾಳೆ.”

ಬಹಳ ಹೊತ್ತು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು.

“ಗ್ಯಾಸ್ ಮುಗೀತಾ ಬಂದಿದೆ ಅಂತ ಹೇಳು.”

ಅಡುಗೆಮನೆಗೆ ಹೋದೆ. “ಅಮ್ಮಾ, ಅಪ್ಪ ಹೋಗಬೇಡ ಅಂತಿದಾರೆ.”

ಅಮ್ಮ ನಕ್ಕಳು. “ಗ್ಯಾಸ್ ಬುಕ್ ಮಾಡಿ ಆಯ್ತು ಅಂತ ಹೇಳು.” ಗೋಡೆ ಅಷ್ಟೇನೂ ದಪ್ಪ ಇಲ್ಲ.

“ಚಿಕ್ಕೋಳಿದ್ದಾಗ್ಲೂ ಹೀಗೇ. ‘ಅಡುಗೆ ತುಂಬಾ ಚೆನ್ನಾಗಿದೆಯಂತೆ’, ‘ಈ ಬಣ್ಣ ನಿನಗೆ ಒಪ್ಪುತ್ತಂತೆ’. ಅವರು ಅಂದಿದ್ದು ‘ಉಪ್ಪು ತಾ’ ಅಂತ. ನೀನೇ ಸೇರಿಸ್ತೀಯ ಅಂತ ನನಗೆ ಗೊತ್ತಿತ್ತು.”

“ಮತ್ತೆ ಯಾಕೆ ಸುಮ್ಮನಿದ್ದೆ?”

“ಕೇಳೋಕೆ ಚೆನ್ನಾಗಿತ್ತಲ್ಲೇ.”

ಮಾರ್ಚ್ 12, ಬುಧವಾರ

ಎರಡು ದಿನ ಬರೆಯಲಿಲ್ಲ.

ಬೆಳಿಗ್ಗೆ ಜಿರಾಫೆ ಜೊತೆ ಮೊದಲ ಜಗಳ. ಒದ್ದೆ ಟವೆಲ್ ವಿಷಯಕ್ಕೆ. ಹತ್ತು ನಿಮಿಷ ಅವನು ಮಾತಾಡಲಿಲ್ಲ. ಓಡಿಹೋಗಿ ಭುಜ ಹಿಡಿದು ಅಲ್ಲಾಡಿಸಿದೆ, “ಮಾತಾಡು, ಬೈಯೋದಾದ್ರೂ ಬೈ, ನನ್ನ ಹೆಸರು ಹಿಡಿದು ಬೈ!” ಪಾಪ, ಬಾಯಿ ತುಂಬ ಪೇಸ್ಟ್ ಇತ್ತು. ಉಗಿದು ಬಂದು, ಅಳುತ್ತಿದ್ದವಳನ್ನು ತಬ್ಬಿಕೊಂಡ. ಏನಾಯಿತೆಂದೇ ಅವನಿಗೆ ತಿಳಿಯಲಿಲ್ಲ. ಹೇಳಿದೆ. ಎಲ್ಲ ಹೇಳಿದೆ. ಫಾರ್ಮಿನದೊಂದು ಬಿಟ್ಟು.

ಮಾರ್ಚ್ 13, ಗುರುವಾರ, ಬೆಳಿಗ್ಗೆ 10.20

ಲಾಯರ್ ಆಫೀಸಿನ ಹೊರಗಿನ ಕೋಣೆ. ಪ್ಲಾಸ್ಟಿಕ್ ಕುರ್ಚಿ. ಅಮ್ಮ ನೀರು ಕುಡಿಯಲು ಹೋಗಿದ್ದಾಳೆ, ಅಷ್ಟರಲ್ಲಿ ಬರೆಯುತ್ತಿದ್ದೇನೆ.

ಆಗ, ಇಬ್ಬರೂ ಇಲ್ಲಿಗೆ ಬಂದು ಕೂತ ಕೂಡಲೇ, ಫಾರ್ಮ್ ತೆಗೆದುಕೊಂಡು ನೋಡಿದಳು. ಅಂಕಿಗಳು ಅವಳಿಗೆ ಬರುತ್ತವೆ. ಹದಿನಾಲ್ಕರ ಮೇಲೆ ಬೆರಳಿಟ್ಟಳು.

“ಇಲ್ಲಿ ಏನು ಬರ್ದಿದೀಯ?”

“ನೀನು ಹೇಳಿದ್ದೇ.”

“ನಾನು ಹೇಳಿದ್ದು ಒಂದೇ ಮಾತು ಪುಟ್ಟೀ. ಇಲ್ಲಿ ಮೂರು ಸಾಲಿದೆ.”

ಬೈಯಲಿಲ್ಲ. ಬ್ಯಾಗಿನಿಂದ ಪೆನ್ ತೆಗೆದು ಕೊಟ್ಟಳು. ಮೂರು ಸಾಲನ್ನೂ ಹೊಡೆದು ಹಾಕಿದೆ. ಮೇಲೆ ‘ನೋ’ ಎಂದು ಬರೆದೆ. ಎಷ್ಟು ಪುಟ್ಟ ಪದ. ಅವಳು ಅದನ್ನೇ ನೋಡುತ್ತ ಕೂತಳು. ಆಮೇಲೆ, ನನ್ನ ಕಡೆ ತಿರುಗದೆ —

“ಬೆಳಿಗ್ಗೆ ನೀನು ನನ್ನ ಕರ್ಕೊಂಡು ಹೋಗೋಕೆ ಬಂದಾಗ... ಅಪ್ಪ ಏನಾದ್ರೂ ಅಂದ್ರಾ?”

ನಾಲಿಗೆಯ ತುದಿಗೆ ಬಂದಿತ್ತು. ಹುಷಾರಾಗಿ ಹೋಗಿ ಬಾ ಅಂದರು, ಗೇಟಿನ ತನಕ ಬಂದರು, ಕಣ್ಣು ಕೆಂಪಾಗಿತ್ತು... ಎಲ್ಲ ಸಿದ್ಧವಾಗಿತ್ತು.

“ಇಲ್ಲಮ್ಮ,” ಎಂದೆ.

ತಲೆಯಾಡಿಸಿ ಎದ್ದು ಹೋದಳು. ಲೋಟ ತುಂಬಿದೆ, ಕುಡಿಯುತ್ತಿಲ್ಲ. ಬೆನ್ನು ಮಾತ್ರ ಕಾಣುತ್ತಿದೆ. ಒಳಗಿನಿಂದ ಅವಳ ಹೆಸರು ಕರೆಯುತ್ತಿದ್ದಾರೆ. ಕೇಳಿಸಲಿಲ್ಲವೇನೋ, ನಾನೇ ಹೋಗಿ —