ಪುಟ್ಟಿಯ ತೀರ್ಪು

ಜೂನ್ 9, ಸೋಮವಾರ. ಕೋರ್ಟ್ ಕ್ಯಾಂಟೀನ್

ನನ್ನ ಕೇಸು ಊಟದ ನಂತರವಂತೆ. ಚಹಾ ಆರಿ ತಣ್ಣಗಾಗಿದೆ. ಪಕ್ಕದ ಮೇಜಿನಲ್ಲಿ ಜೂನಿಯರ್‌ಗಳು ಒಂದೇ ಫೋನಿಗೆ ಮುಖ ತೂರಿಸಿ ಕೂತಿದ್ದಾರೆ. ಹೈಕೋರ್ಟಿನ ಹೊಸ ತೀರ್ಪು. ಯಾರ ಕೇಸು ಎಂದು ಕೇಳಬೇಕಾಗಲಿಲ್ಲ. ಒಬ್ಬಳು ತಿರುಗಿ ಹೇಳಿಯೇಬಿಟ್ಟಳು — "ಮೇಡಂ, ನಿಮ್ಮ ತಂಗಿ ಮತ್ತೆ ಸಿಕ್ಸರ್!"

ನಕ್ಕೆ. ದವಡೆ ನೋಯುವಷ್ಟು.

ಮಾರ್ಚಿನಲ್ಲಿ ಅವಳು ವಾದಿಸಿ ಗೆದ್ದದ್ದು ಸಿವಿಲ್ — ಮುದುಕಿ ಮಗನಿಗೆ ಬರೆದುಕೊಟ್ಟಿದ್ದ ಮನೆ, ಅವನು ನೋಡಿಕೊಳ್ಳಲಿಲ್ಲವೆಂದು ಅವಳಿಗೇ ವಾಪಸ್. ಏಪ್ರಿಲ್‌ನಲ್ಲಿ ಟ್ಯಾಕ್ಸ್ — ವ್ಯಾಪಾರಿಯ ಮಾತೇ ಕೇಳದೆ ಹೊರಡಿಸಿದ ತೆರಿಗೆ ಆದೇಶ ರದ್ದು. ಈಗ ಕ್ರಿಮಿನಲ್ — ಬಂಧಿಸಿದವನಿಗೆ ಕಾರಣವನ್ನು ಅವನಿಗೆ ಓದಲು ಬರುವ ಭಾಷೆಯಲ್ಲೇ ಬರೆದುಕೊಡಬೇಕು, ಇಲ್ಲದಿದ್ದರೆ ಬಂಧನವೇ ಅಕ್ರಮ. ಒಂದು ವಿಭಾಗವನ್ನಾದರೂ ನನಗೆ ಬಿಟ್ಟಳೇ ಮಹಾರಾಯ್ತಿ?

ಕಪ್ಪು ಕೋಟು ಹಾಕುವುದನ್ನು ಅವಳಿಗೆ ಕಲಿಸಿದವಳು ನಾನು. ಮೊದಲ ದಿನ ಅವಳ ಕೋಟಿನ ಗುಂಡಿ ನಾನೇ ಹಾಕಿದೆ. ನನ್ನ ಒಂದೇ ಒಂದು ಕೇಸೂ ಇವತ್ತಿನವರೆಗೆ ತೀರ್ಪಿನ ಪುಸ್ತಕಗಳಲ್ಲಿ ಅಚ್ಚಾಗಿಲ್ಲ.

ಕರೆಯುತ್ತಿದ್ದಾರೆ.

ಜೂನ್ 10

ಕೆಳಗಿನ ಮನೆ ನನ್ನದು, ಮೇಲಿನದು ತಂಗಿ ಪುಟ್ಟಿಯದು. ಅಮ್ಮ ಬೆಳಿಗ್ಗೆಯಿಂದ ಮೆಟ್ಟಿಲು ಹತ್ತಿದ್ದೇ ಹತ್ತಿದ್ದು. ಮಂಡಿನೋವು ಎಲ್ಲಿ ಓಡಿಹೋಯಿತೋ! ಪೇಪರಿನಲ್ಲಿ ಮಗಳ ಫೋಟೋ. "ನೋಡೇ, ನಿನ್ನ ಓಲೆ ಹಾಕ್ಕೊಂಡಿದಾಳೆ. ಎಷ್ಟು ಒಪ್ಪುತ್ತೆ!"

ಹೌದು. ಒಪ್ಪುತ್ತದೆ.

ಬೆಲ್ ಆಗುತ್ತದೆ, ಬಾಗಿಲು ತೆರೆಯುತ್ತೇನೆ. "ವಕೀಲರು ಇದಾರಾ?" "ನಾನೇ, ಹೇಳಿ." "ಅಲ್ಲ… ಆ ಪೇಪರಲ್ಲಿ ಬಂದಿರೋ ಮೇಡಂ…" ಬೆರಳು ಮೇಲಕ್ಕೆ ತೋರಿಸುತ್ತೇನೆ.

ಸಂಜೆ ಪುಟ್ಟಿ ಕೇಕ್ ಹಿಡಿದು ಇಳಿದುಬಂದಳು. "ಅಕ್ಕಾ, ಓದಿದ್ಯಾ?"

"ಟೈಮೇ ಆಗ್ಲಿಲ್ಲ ಕಣೇ."

ಎರಡು ಸಲ ಓದಿದ್ದೇನೆ. ಎಲ್ಲಾದರೂ ಸಡಿಲ ಸಿಗುತ್ತದೇನೋ ಎಂದು ಹುಡುಕಿಕೊಂಡು. ಇಲ್ಲ. ಚೆನ್ನಾಗಿ ವಾದಿಸಿದ್ದಾಳೆ. ಹೊಟ್ಟೆ ಉರಿಯುವುದು ಅದಕ್ಕೇ… ಕೇಕ್ ಮಾತ್ರ ತಿಂದೆ.

ಜೂನ್ 16

ಟೈಲರಮ್ಮ ಬಂದಿದ್ದಳು. ನಮ್ಮ ಹಿಂದಿನ ರಸ್ತೆಯಲ್ಲೇ ಅಂಗಡಿ. ನನ್ನನ್ನೇ ಕೇಳಿಕೊಂಡು ಬಂದಳು, ಮೇಲಿನವಳನ್ನಲ್ಲ. ಬರೆದಿಡಬೇಕಾದ ವಿಷಯ.

ಗಂಡ ವ್ಯಾನ್ ಡ್ರೈವರ್. ಗೋದಾಮಿನಿಂದ ಟಿವಿಗಳು ಕಳುವಾಗಿವೆ. ಆ ಸಂಜೆ ಇವನ ವ್ಯಾನು ಅಲ್ಲಿ ನಿಂತಿತ್ತು. ಹಿಡಿದು ಜೈಲಿಗೆ ಹಾಕಿದ್ದಾರೆ.

"ಯಾಕೆ ಹಿಡೀತಿದೀವಿ ಅಂತ ಹೇಳಿದ್ರಾ?"

"ಒಂದು ಕಾಗದಕ್ಕೆ ಸೈನ್ ಹಾಕಿಸ್ಕೊಂಡ್ರಂತೆ. ಪೂರ್ತಿ ಇಂಗ್ಲಿಷು. ಅವ್ರಿಗೆ ಇಂಗ್ಲಿಷ್ ಎಲ್ಲಿ ಬರುತ್ತೆ ಮೇಡಂ? ತಮ್ಮ ವ್ಯಾನಿನ ಮೇಲೆ ಬರೆದಿರೋದನ್ನೇ ನನ್ನ ಹತ್ರ ಓದಿಸ್ತಾರೆ."

ಪೆನ್ನು ನಿಂತಿತು. ಪುಟ್ಟಿಯ ತೀರ್ಪಿಗೆ ಅಳತೆ ತೆಗೆದು ಹೊಲಿದ ಹಾಗಿದೆ ಕೇಸು.

ಜೂನ್ 19, ಸಂಜೆ

ಜಾಮೀನು ಸಿಗಲಿಲ್ಲ.

ಸಾಕ್ಷಿಯಿಲ್ಲ ಎಂದೆ. ಹೆಂಡತಿ, ಮನೆ, ದುಡಿಮೆ ಎಲ್ಲ ಹೇಳಿದೆ. ಬಂಧನದ ಕಾಗದ ಇಂಗ್ಲಿಷಿನಲ್ಲಿದೆ ಎಂದೂ ಗೊಣಗಿದೆ. ಜಡ್ಜ್ ತಲೆಯೆತ್ತಿದರು. "ಆ ಬಗ್ಗೆ ಹೈಕೋರ್ಟ್ ತೀರ್ಪು ಏನಾದ್ರೂ ಇದೆಯಾ ಮೇಡಂ?"

ಬ್ಯಾಗಿನಲ್ಲಿತ್ತು. ಜಿಪ್ ಎಳೆದರೆ ಸಾಕು. ಆದರೆ ತೆಗೆದರೆ 'ನಿಮ್ಮ ತಂಗಿಯವರದ್ದಲ್ವಾ?' ಎಂದು ಕೇಳುತ್ತಾರೆ. ಇಡೀ ಹಾಲ್ ನಗುತ್ತದೆ, ಪ್ರೀತಿಯಿಂದಲೇ. ಆ ನಗು ನನಗೆ ಬೇಡವಾಗಿತ್ತು…

"ಇಲ್ಲ ಸರ್. ಇಷ್ಟೇ."

ಹೊರಗೆ ಟೈಲರಮ್ಮ. "ಹೈಕೋರ್ಟಿಗೆ ಹೋಗೋಣ" ಎಂದೆ.

"ಅಲ್ಲೀತನಕ ಅವ್ರು ಒಳಗೇ ಇರ್ಬೇಕಾ?"

ಫೈಲು ಕಟ್ಟಿದೆ.

ಜುಲೈ 2

ಬರೆಯಲು ಮನಸ್ಸಾಗಿರಲಿಲ್ಲ. ಹೈಕೋರ್ಟ್ ಅರ್ಜಿಯೂ ಅರ್ಧಕ್ಕೆ ನಿಂತಿದೆ. ಪುಟ್ಟಿಯ ತೀರ್ಪನ್ನು ಬಿಟ್ಟು ಬರೆಯಲು ನೋಡಿದೆ. ಅದಿಲ್ಲದೆ ಅರ್ಜಿ ನಿಲ್ಲುವುದೇ ಇಲ್ಲ.

ಇವತ್ತು ನಾನು ಇಲ್ಲದಾಗ ಟೈಲರಮ್ಮ ಬಂದಿದ್ದಾಳೆ. ಅಮ್ಮ ಅವಳನ್ನು ಮೇಲೆ ಕಳಿಸಿದ್ದಾಳೆ. ನಾನು ಬರುವಷ್ಟರಲ್ಲಿ ಪುಟ್ಟಿ ನನ್ನ ಟೇಬಲ್ ಮುಂದೆ ಕೂತಿದ್ದಳು. ಕೈಯಲ್ಲಿ ಜಾಮೀನು ನಿರಾಕರಿಸಿದ ಆದೇಶ.

"ಅಕ್ಕಾ, ನನ್ನದೇ ತಪ್ಪು. ನೀನು ಓದಿಲ್ಲ ಅಂದಿದ್ಯಲ್ಲ, ನಾನೇ ಒಂದು ಕಾಪಿ ತಂದುಕೊಡ್ಬೇಕಿತ್ತು."

ತಪ್ಪಿಸಿಕೊಳ್ಳಲು ಬಾಗಿಲನ್ನೂ ಅವಳೇ ತೆರೆದುಕೊಟ್ಟಳು. 'ಹೌದು ಕಣೇ' ಎಂದಿದ್ದರೆ ಮುಗಿಯುತ್ತಿತ್ತು. ಅವಳ ದೊಡ್ಡತನ ನೋಡಿ ಮೈಯೆಲ್ಲ ಉರಿಯಿತು.

"ಓದಿದ್ದೆ. ಬ್ಯಾಗಲ್ಲೇ ಇತ್ತು."

"ಮತ್ತೆ?"

"ಅಲ್ಲಿ ನಿಂತ್ಕೊಂಡು ನಿನ್ನ ಕೇಸಿನ ಹೆಸರು ಹೇಳೋಕೆ ಬಾಯಿ ಬರ್ಲಿಲ್ಲ."

ಕೂಗಾಡುತ್ತಾಳೆ ಎಂದುಕೊಂಡೆ. ಇಲ್ಲ. ಮುಖ ಬಿಳಿಚಿಕೊಂಡಿತು. "ನನ್ನ ಮೇಲೆ ಸಿಟ್ಟಿದ್ರೆ ನನ್ನ ಕೆನ್ನೆಗೆ ಎರಡು ಬಾರಿಸ್ಬೇಕಿತ್ತು ಅಕ್ಕಾ. ಆ ಡ್ರೈವರ್ ನಿನಗೇನು ಮಾಡಿದ್ದ?"

"ಈ ಕೇಸು ನೀನೇ ತಗೋ."

"ನಾನ್ಯಾಕೆ ತಗೊಳ್ಲಿ? ಬ್ಯಾಗಲ್ಲಿತ್ತು ಅಂತ ನೀನೇ ಹೇಳು. ಮೊದಲು ಅವನ ಹೆಂಡತಿಗೆ. ಆಮೇಲೆ ಕೋರ್ಟಿಗೆ."

ಮೆಟ್ಟಿಲು ಹತ್ತಿ ಹೋದಳು. ಅಮ್ಮ ಅಡುಗೆಮನೆಯಿಂದ — "ಏನ್ರೇ ಅದು?"

ಜುಲೈ 3

ಅಂಗಡಿಗೆ ಹೋದೆ. ಹೊಲಿಗೆ ಮೆಷಿನ್ ಓಡುತ್ತಿತ್ತು. ಅದರ ಸದ್ದಿನ ಮೇಲೇ ಹೇಳಿ ಮುಗಿಸಿದೆ. ಮೆಷಿನ್ ನಿಂತಿತು.

"ಆ ತೀರ್ಪು ತೋರಿಸಿದ್ರೆ ಅವತ್ತೇ ಬಿಡ್ತಿದ್ರಾ?"

"ಬಹುಶಃ."

ಹಲ್ಲಿನಲ್ಲಿ ದಾರ ಕಚ್ಚಿ ಹರಿದಳು.

"ಬೇರೆ ವಕೀಲರು ಬೇಕು ಅಂದ್ರೆ ಈಗಲೇ ಫೈಲ್ ಕೊಟ್ಬಿಡ್ತೀನಿ" ಎಂದೆ.

"ಬೇರೆಯವರು ಮತ್ತೆ ಮೊದಲಿಂದ ಓದ್ಬೇಕು. ಅವರು ಓದಿ ಮುಗಿಸೋವರೆಗೂ ನಮ್ಮೆಜಮಾನ್ರು ಒಳಗಿರ್ಬೇಕು. ನಿಮ್ಮ ಅಕ್ಕತಂಗೀರ ಜಗಳ ನನಗೆ ಬೇಡ. ನೀವೇ ಹೋಗಿ. ಈ ಸಲ ಬಾಯಿ ಬಿಡಿ."

ನೇರವಾಗಿ ಆಫೀಸಿಗೆ ಬಂದು ಅರ್ಜಿ ಬರೆದೆ. ಇವತ್ತೇ ಸಲ್ಲಿಸಿದೆ.

ಜುಲೈ 8. ಹೈಕೋರ್ಟ್ ಕಾರಿಡಾರ್, ಬೆಂಚಿನ ಮೇಲೆ

ಮುಗಿಯಿತು. ಮಡಿಲ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ.

ತೀರ್ಪನ್ನು ಮುಂದಿಟ್ಟೆ. ಸರಕಾರಿ ವಕೀಲರು "ಸಹಿ ಇದೆಯಲ್ಲ" ಎಂದರು. ಜಡ್ಜ್ — "ಓದಕ್ಕೆ ಬರದ ಕಾಗದಕ್ಕೆ ಸಹಿ ಹಾಕಿದ್ರೆ ಅವನಿಗೆ ಏನು ತಿಳಿದ ಹಾಗಾಯ್ತು?" ಆಮೇಲೆ ನನ್ನ ಕಡೆ ತಿರುಗಿದರು. "ಇದನ್ನ ಕೆಳಗಿನ ಕೋರ್ಟಿಗೆ ಯಾಕೆ ತೋರಿಸಲಿಲ್ಲ?"

'ಪ್ರತಿ ಸಿಕ್ಕಿರಲಿಲ್ಲ' ಎಂದರೆ ಯಾರೂ ಕೆದಕುವುದಿಲ್ಲ. ಎಲ್ಲರೂ ಅನ್ನುವುದು ಅದನ್ನೇ.

"ನನ್ನ ಬಳಿ ಇತ್ತು. ತೋರಿಸಲಿಲ್ಲ. ತಪ್ಪು ನನ್ನದು, ನನ್ನ ಕಕ್ಷಿದಾರನದಲ್ಲ."

ಕನ್ನಡಕ ಇಳಿಸಿ ನೋಡಿದರು. ಕಾರಣ ಕೇಳಲಿಲ್ಲ. ಸ್ಟೆನೋಗೆ ಆದೇಶ ಹೇಳಿ ಬರೆಸಿದರು — ಬಂಧನ ಅಕ್ರಮ, ತಕ್ಷಣ ಬಿಡುಗಡೆ. ನನ್ನ ಮಾತನ್ನೂ ಬರೆಸಿದರು. ಒಂದಕ್ಷರ ಬಿಡದೆ.

ಜುಲೈ 9

ಜೈಲಿನ ಗೇಟಿನ ಹತ್ತಿರ ನಿಂತಿದ್ದೆವು. ಹೊರಗೆ ಬಂದ. ಶರ್ಟು ದೊಗಳೆಯಾಗಿದೆ, ಟೈಲರಮ್ಮ ಮೊದಲು ನೋಡಿದ್ದು ಅದನ್ನೇ. "ತುಂಬಾ ಉಪಕಾರ ಆಯ್ತು ಮೇಡಂ" ಎಂದ ನನಗೆ. ಅವಳು ನನ್ನ ಮುಖ ನೋಡಿದಳು. ಈಗ ಹೇಳುತ್ತಾಳೆ ಎಂದುಕೊಂಡೆ. "ಬಿಸಿಲಿದೆ, ನಡೀರಿ" ಎಂದಳು ಅವನಿಗೆ.

ಜುಲೈ 21

ತೀರ್ಪಿನ ಪುಸ್ತಕದಲ್ಲಿ ಆದೇಶ ಅಚ್ಚಾಗಿದೆ. ನನ್ನ ಹೆಸರು, ತಪ್ಪಿಲ್ಲದೆ. ಕೆಳಗೆ ನಾಲ್ಕನೇ ಪ್ಯಾರಾ — 'ತೀರ್ಪು ತಮ್ಮ ಬಳಿಯಿದ್ದರೂ ಹಾಜರುಪಡಿಸಲಿಲ್ಲವೆಂದು ವಕೀಲರು ಒಪ್ಪಿಕೊಂಡಿದ್ದಾರೆ.' ಇನ್ನು ಇದನ್ನು ಯಾವ ಊರಿನ ಯಾವ ವಕೀಲ ಬಳಸಿದರೂ ಅದನ್ನೂ ಓದುತ್ತಾನೆ.

ಪೇಪರಿನಲ್ಲೂ ಸುದ್ದಿ ಬಂದಿದೆ, ಅಮ್ಮ ಅದನ್ನು ಕತ್ತರಿಸಿಡಲು ಕತ್ತರಿ ಹುಡುಕುತ್ತಿದ್ದಳು. ಬೇಡ ಎಂದೆ.

ಜುಲೈ 24, ಸಂಜೆ

ಪುಟ್ಟಿ ಕೆಳಗೆ ಬಂದಳು. ಅವತ್ತಿನಿಂದ ಇದೇ ಮೊದಲು. ಬಾಗಿಲಲ್ಲೇ ನಿಂತಳು.

"ನಾಲ್ಕನೇ ಪ್ಯಾರಾ ಓದಿದೆ."

"ಹೂಂ."

"ನನಗಿನ್ನೂ ಸಿಟ್ಟಿದೆ."

"ಇರ್ಲಿ."

"ನಾಳೆ ನನ್ನದೊಂದು ಟ್ಯಾಕ್ಸ್ ಅಪೀಲು. ಎಲ್ಲೋ ಏನೋ ಬಿಟ್ಟಿದೀನಿ ಅನ್ನಿಸ್ತಿದೆ, ಏನು ಅಂತ ಹೊಳೀತಿಲ್ಲ. ನೋಡ್ತೀಯಾ?" ಫೈಲು ಟೇಬಲ್ ಮೇಲಿಟ್ಟು ಹೋದಳು.

ಓದಿದೆ. ಸಿಕ್ಕಿತು. ತೆರಿಗೆ ನೋಟಿಸ್ ಹೋಗಿದ್ದು ಅವಳ ಕಕ್ಷಿದಾರನ ಮುಚ್ಚಿಹೋದ ಹಳೆಯ ಅಂಗಡಿಯ ವಿಳಾಸಕ್ಕೆ, ಅವನ ಕೈ ಸೇರಿಯೇ ಇಲ್ಲ. ಇಡೀ ಕೇಸು ನಿಲ್ಲುವುದೇ ಅದರ ಮೇಲೆ, ಅದನ್ನೇ ಅವಳು ಎತ್ತಿಲ್ಲ. ಎತ್ತದಿದ್ದರೆ ನಾಳೆ ಸೋಲುತ್ತಾಳೆ.

ಖುಷಿಯಾಯಿತು. ಯಾರೂ ಓದುವುದಿಲ್ಲ, ಆದ್ದರಿಂದ ಬರೆಯುತ್ತೇನೆ: ಎದೆ ತುಂಬಿ ಬರುವಷ್ಟು ಖುಷಿ. ಒಂದು ಲೋಟ ನೀರು ಕುಡಿದೆ. ಖುಷಿ ಹೋಗಲಿಲ್ಲ. ಈಗಲೂ ಇದೆ.

ಮೇಲಿಂದ ಅವಳ ದನಿ — "ಅಕ್ಕಾ… ಸಿಕ್ತಾ ಏನಾದ್ರೂ?"

"ಸಿಕ್ತು ಕಣೇ" ಎಂದು ಕೂಗಿದೆ. "ಬಂದೆ ಇರು, ಅಲ್ಲೇ ಬಂದು ತೋರಿಸ್ತೀನಿ."