ನಾಲ್ಕನೇ ಬಾಗಿಲು

ಮಾರ್ಚ್ 3, ಬೆಳಿಗ್ಗೆ 11

ಇವತ್ತೂ ಅಮ್ಮನನ್ನು ಬಸ್ಸಿನಲ್ಲಿ ಗೋದಾಮಿಗೆ ಕರೆತಂದೆ. ನಾಲ್ಕನೇ ದಿನ. ಪತ್ರಿಕೆಯ ಡೆಸ್ಕ್‌ಗೆ ಹೋಗುವುದು ಮೂರಕ್ಕೆ. ಅಲ್ಲಿಯವರೆಗೆ ತಂಗಿಗೆ ಲೈಟ್ ಹಿಡಿಯುವುದು. ಖಾಲಿ ಗೋದಾಮು, ಸಿಮೆಂಟ್ ನೆಲ. ನೆಲದ ಮೇಲೆ ಬಿಳಿ ಅಂಟುಪಟ್ಟಿಯಲ್ಲಿ ನಾವು ಬಿಟ್ಟುಬಂದ ಮನೆಯ ನಕ್ಷೆ. ಅಮ್ಮ ಹೇಳಿದಂತೆ ತಂಗಿ ಅಂಟಿಸಿದ್ದು. ಅಮ್ಮ ಅದರೊಳಗೆ ನಡೆಯುತ್ತಾಳೆ, ತಂಗಿ ವಿಡಿಯೊ ತೆಗೆಯುತ್ತಾಳೆ. ಅವಳ ಕಲಾಪ್ರದರ್ಶನ 20ಕ್ಕೆ.

"ಇವಳಿಗೆ ಮನೆ ಕಟ್ಟೋಕೆ ಇಟ್ಟಿಗೆ ಬೇಡ, ಅಂಟುಪಟ್ಟಿ ಸಾಕು," ಅಂದಳು ಅಮ್ಮ. "ಮೇಸ್ತ್ರಿ ಕಾಟ ಇಲ್ಲ."

ಅಡುಗೆಮನೆ ಬಾಗಿಲಲ್ಲಿ ತಲೆ ಬಗ್ಗಿಸಿ ದಾಟಿದಳು. ಅಲ್ಲಿ ಬಾಗಿಲೇ ಇಲ್ಲ...

ಮಾರ್ಚ್ 4

ಅಪ್ಪನ ಹಳೆಯ ಕಾಗದಗಳಲ್ಲಿ ಮನೆಯ ಉದ್ದ 42 ಅಡಿ. ನೆಲದ ನಕ್ಷೆ ಅಳೆದೆ — 29. ತಂಗಿಗೆ ಹೇಳಿದೆ.

"ಕರಡು ತಿದ್ದೋ ಚಾಳಿ ಇಲ್ಲೂ ಬಂತಾ ಅಣ್ಣ?"

"ತಪ್ಪು ತಪ್ಪೇ."

"ಅಮ್ಮ ಹೆಜ್ಜೆ ಹಾಕಿ ತೋರಿಸಿದ್ದು. ಆಗ ಅವಳಿಗೆ ಇಪ್ಪತ್ತೆಂಟು ವರ್ಷ, ಈಗ ಎಪ್ಪತ್ಮೂರು. ಹೆಜ್ಜೆ ಚಿಕ್ಕದಾಗಿದೆ. ಮನೇನೂ ಅದರ ಜೊತೆ ಚಿಕ್ಕದಾಗ್ಲಿ ಬಿಡು."

ಅಳತೆಪಟ್ಟಿ ಸುತ್ತಿಟ್ಟೆ. ನನ್ನ ಇಪ್ಪತ್ತೆಂಟು ವರ್ಷದ ಪತ್ರಿಕಾ ನೌಕರಿಯಲ್ಲಿ ಇಷ್ಟು ಒಳ್ಳೆಯ ತಿದ್ದುಪಡಿ ಯಾರೂ ಕೊಟ್ಟಿಲ್ಲ.

ಮಾರ್ಚ್ 6

ತೊಂದರೆ. ಮೂರು ಬಾಗಿಲು ಸರಾಗ. ನಾಲ್ಕನೆಯದು ಅಜ್ಜಿಯ ಕೋಣೆಯದು. ಅಮ್ಮ ಅಲ್ಲಿಯವರೆಗೆ ಬಂದು ತಿರುಗಿಬಿಡುತ್ತಾಳೆ. ಕಾಲುನೋವು ಅನ್ನುತ್ತಾಳೆ. ಆ ಕೋಣೆಗೆ ಹೋಗದಿದ್ದರೆ ವಿಡಿಯೊಗೆ ಕೊನೆಯಿಲ್ಲ.

ಗೊತ್ತಿರುವುದು ಇಷ್ಟು: ಸೈನ್ಯ ಅಧಿಕಾರ ಹಿಡಿದ ವಾರ. ಅಪ್ಪನದು ಅಚ್ಚುಕೂಟ. ಬಂಧಿಸಬೇಕಾದವರ ಪಟ್ಟಿಯಲ್ಲಿ ಅವರ ಹೆಸರು. ಒಂದು ಬೆಳಿಗ್ಗೆ ಒಂದೇ ಚೀಲ ಹಿಡಿದು ಗಡಿ ದಾಟಿದೆವು. ನನಗೆ ಏಳು. ತಂಗಿ ಅಮ್ಮನ ಹೊಟ್ಟೆಯಲ್ಲಿ. ಅಜ್ಜಿ, ಅಪ್ಪನ ಅಮ್ಮ, ಅಲ್ಲೇ ಉಳಿದರು, ಮರುವರ್ಷ ತೀರಿಕೊಂಡರು.

ಅವರಿಗೆ ಏನು ಹೇಳಿ ಬಂದೆವು? ಎಷ್ಟೋ ಸಲ ಕೇಳಿದ್ದೇನೆ — ಎಷ್ಟು ಗಂಟೆ, ಯಾರಿದ್ದರು, ಏನಂದೆ. ಅಮ್ಮ ಎದ್ದು ಹೋಗುತ್ತಾಳೆ.

ಮಾರ್ಚ್ 7

ತಂಗಿ ಕ್ಯಾಮೆರಾ ಆಫ್ ಮಾಡಿ ನೆಲದ ಮೇಲೆ ಕೂತಳು. "ಅಮ್ಮ, ನೀರಿನ ಕೊಡ ಎಲ್ಲಿಡ್ತಿದ್ದೆ?" ಅಷ್ಟೇ ಕೇಳಿದ್ದು.

"ಅತ್ತೆ ಬಾಗಿಲ ಪಕ್ಕ. ಅವರಿಗೆ ಗಳಿಗೆಗೊಂದು ಸಲ ಬಾಯಾರಿಕೆ." ತಾನೇ ಮುಂದುವರಿಸಿದಳು. "ಅವತ್ತೂ ತುಂಬಿಸಿಟ್ಟೆ. ಎಲ್ಲಿಗೆ ಅಂತ ಒಳಗಿಂದ ಕೇಳಿದ್ರು. ಸಂಜೆಯೊಳಗೆ ಹೋಗಿ ಬರ್ತೀವಿ ಅತ್ತೆ, ಅಂದೆ. ಹೋಗ್ತೀವಿ ಅಂತ ಯಾರಾದ್ರೂ ಅಂತಾರಾ? ಬಾಯಿಗೆ ಬರೋದೇ ಅದು... ಅವರು ನಂಬಿದ್ರು."

'ಹೋಗಿ ಬರ್ತೀನಿ' — ನಾನು ದಿನಾ ಹೇಳಿ ಹೊರಡುವ ಮಾತು. ಅಮ್ಮ ಎಂದೂ ಹೇಳುವುದಿಲ್ಲ. ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಾಳೆ. ಬಿಗುಮಾನ ಅಂದುಕೊಂಡಿದ್ದೆ. ಪದಗಳ ಕೆಲಸದವನು ನಾನು, ಕೇಳಿಸಿಕೊಂಡವಳು ತಂಗಿ.

ಮಾರ್ಚ್ 12

ಅಮ್ಮ ಗೋದಾಮಿಗೆ ಬರುತ್ತಿಲ್ಲ. ಎಂಟು ದಿನ ಉಳಿದಿದೆ. ಅಮ್ಮನಿಗೆ ಒಂದು ಮಾತು ಹೇಳಿ ನೋಡು ಅಂದೆ ತಂಗಿಗೆ.

"ಬೇಡ. ಕೊನೆ ಇಲ್ಲದೇ ತೋರಿಸ್ತೀನಿ. ಅಮ್ಮನಿಗಿಂತ ವಿಡಿಯೊ ದೊಡ್ಡದಾ?"

ಎರಡು ವರ್ಷದ ಕೆಲಸ. ನಾನಾಗಿದ್ದರೆ ಬಿಡುತ್ತಿರಲಿಲ್ಲ.

ಮಾರ್ಚ್ 15, ಮಧ್ಯಾಹ್ನ 1

ಬೆಳಿಗ್ಗೆ ನೋಡಿದರೆ ಅಮ್ಮ ತಯಾರಾಗಿ ನಿಂತಿದ್ದಳು. ಕೈಯಲ್ಲಿ ನೀರಿನ ಬಾಟಲಿ.

"ನಡಿ. ನಿನ್ನ ತಂಗಿ ಮನೆ ಕಿತ್ತುಹಾಕಿಲ್ಲ ತಾನೆ?"

ಮೂರು ಬಾಗಿಲು ದಾಟಿದಳು. ತಲೆ ಬಗ್ಗಿಸುವಲ್ಲಿ ಬಗ್ಗಿಸಿದಳು. ನಾಲ್ಕನೆಯದರ ಮುಂದೆ ನಿಂತಳು. ಬಾಟಲಿಯನ್ನು ಪಟ್ಟಿಯ ಪಕ್ಕ ಇಟ್ಟಳು. ಒಳಗಿಂದ ಯಾರೋ ಕೂಗಿದ ಹಾಗೆ —

"ಬಂದೆ ಅತ್ತೆ."

ಒಳಗೆ ಹೋದಳು.

ತಂಗಿಯ ಕ್ಯಾಮೆರಾ ಅಲುಗಲಿಲ್ಲ. ನಾನು ಲೈಟ್ ಹಿಡಿದೇ ಅಮ್ಮನ ಹಿಂದೆ ಒಂದು ಹೆಜ್ಜೆ ಇಟ್ಟುಬಿಟ್ಟೆ. ವಿಡಿಯೊದಲ್ಲಿ ಕಾಣುತ್ತದೆ. ಅದನ್ನು ಕತ್ತರಿಸಲ್ಲ ಅಂದಿದ್ದಾಳೆ ತಂಗಿ.

ಮಾರ್ಚ್ 17

ಈ ಊರಿನವರ ಭಾಷೆಯಲ್ಲಿ ಸಬ್‌ಟೈಟಲ್ ಬೇಕು. ತಂಗಿ ನನಗೇ ವಹಿಸಿದ್ದಾಳೆ. ಒಂದು ಸಾಲು ಬಾಕಿ: 'ಬಂದೆ ಅತ್ತೆ.' ಇವರಲ್ಲಿ ಬಂದಾಯಿತು ಅನ್ನಲು ಒಂದು ಪದ, ಇಗೋ ಬರುತ್ತಿದ್ದೇನೆ ಅನ್ನಲು ಇನ್ನೊಂದು. ನಮ್ಮಲ್ಲಿ ಎರಡಕ್ಕೂ 'ಬಂದೆ'. ಅಮ್ಮ ಹೇಳಿದ್ದು ಯಾವುದು? ಊಹಿಸಿ ಬರೆಯುವ ಅಭ್ಯಾಸ ನನಗಿಲ್ಲ. ಕೇಳಿಬಿಡೋಣ ಅಂತ ಕೂತಲ್ಲಿಂದಲೇ ಕೂಗಿದೆ, "ಅಮ್ಮ, ಒಂದು ನಿಮಿಷ ಬಾ."

ಅಡುಗೆಮನೆಯಿಂದ ಉತ್ತರ: "ಬಂದೆ."

ಹಾಗಾದರೆ ಆ ಸಾಲು: 'ಇಗೋ ಬರುತ್ತಿದ್ದೇನೆ, ಅತ್ತೆ.'